ಗುರುಬಸವ್ವನ ಕಿವಿ ಮಶಿನ್

ಟಿವಿ ರಿಮೋಟು ಮಾಡಿದವನ ಮೇಲೆ ಸತೀಶಕುಮಾರನಿಗೆ ಬಹಳ ದಿನದ ಸಿಟ್ಟು. ಜನ ಒತ್ತುವುದು ಮೂರೇ ಗುಂಡಿ, ಅವನು ಕೊಟ್ಟದ್ದು ಮೈತುಂಬ ಗುಂಡಿ. ಉಳಿದವು ಯಾರ ಉದ್ಧಾರಕ್ಕೆ ಎಂದು ಸತೀಶಕುಮಾರ ಜೋರಾಪುರ ಪೇಟೆಯ ತನ್ನ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು ಕೇಳುತ್ತಾನೆ. ಖಣ ಕೊಳ್ಳಲು ಬಂದ ಹೆಂಗಸರು ಇದಕ್ಕೇನು ಉತ್ತರ ಕೊಟ್ಟಾರು? ಆದರೆ ಅವರ ಗಂಡಂದಿರು ಕಿವಿಗೊಟ್ಟು ಕೇಳುತ್ತಾರೆ. ಪೇಟೆಯಲ್ಲಿ ಯಾರೇ ಮೊಬೈಲು, ಮಿಕ್ಸರು, ಇಯರ್‌ಫೋನು ಕೊಳ್ಳುವುದಿದ್ದರೂ ಮೊದಲು ಈ ಅಂಗಡಿಯ ಮೆಟ್ಟಿಲು ಹತ್ತಿ ಒಂದು ಮಾತು ಕೇಳಿ ಹೋಗುವುದು ರೂಢಿಯಾಗಿಬಿಟ್ಟಿದೆ. ಸೀರೆ ಮಾರುವಾಗ ಇಲ್ಲದ ಹುರುಪು ಅವನಿಗೆ ಬೇರೆಯವರ ಸಾಮಾನು ಹೊಗಳುವಾಗ ಬರುತ್ತದೆ.

ಅವನ ಬಳಿ ಎಲ್ಲದಕ್ಕೂ ಒಂದು ಅಭಿಪ್ರಾಯ ತಯಾರಿರುತ್ತದೆ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಹಾಡಿಗಿಂತ ಅಳು ಜಾಸ್ತಿ. ಹಾಡುವವರ ಬಡತನ ತೋರಿಸುವುದಕ್ಕೆ ಅರ್ಧ ತಾಸು, ಹಾಡಿಗೆ ಎರಡು ನಿಮಿಷ. ಮದುವೆಯ ಡಿಜೆ ಎಂಬುದು ಎದೆಯ ಮೇಲೆ ಕೊಡುವ ಗುದ್ದು. ಒಳ್ಳೆಯ ವಸ್ತು ಎಂದರೆ ಕೈಗೆ ಸಿಕ್ಕೊಡನೆ ಹೇಗೆ ಬಳಸಬೇಕೆಂದು ತಾನೇ ಹೇಳಬೇಕು, ನಮ್ಮ ಹಿತ್ತಾಳೆ ತಂಬಿಗೆಯ ಹಾಗೆ. ಇಷ್ಟೆಲ್ಲ ಹೇಳುವವನ ಮನೆಯ ರಿಮೋಟು ಕೊಂಡ ದಿನದಿಂದ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಅದನ್ನು ತೋರಿಸಿದರೆ ಅವನು ಮಾತು ಬದಲಿಸುತ್ತಾನೆ.

ಎದುರಿಗೆ ಕುಳಿತು ಕೇಳುವ ಸಂಗೀತದ ಬಗ್ಗೆಯಂತೂ ಅವನ ತೀರ್ಪು ಬಹಳ ಹಿಂದೆಯೇ ಆಗಿಹೋಗಿದೆ. ಪಕ್ಕದವನ ಕೆಮ್ಮು, ಕುರ್ಚಿ ಎಳೆಯುವ ಸಪ್ಪಳ, ಮೈಕಿನ ಕೂಗು, ನಡುವೆ ಎದ್ದು ನಿಂತು ಸನ್ಮಾನ. ಇದನ್ನೆಲ್ಲ ಸಹಿಸಿ ಯಾಕೆ ಕೂರಬೇಕು? ಮನೆಯಲ್ಲಿ ಒಳ್ಳೆಯ ಹೆಡ್‌ಫೋನು ಹಾಕಿಕೊಂಡರೆ ಹಾಡುವವರು ಉಸಿರು ಎಳೆದದ್ದೂ ಕೇಳುತ್ತದೆ. ಹೀಗಂದಾಗ ಅವನ ಹೆಂಡತಿ ಸೌಭಾಗ್ಯ, "ಮನ್ಯಾಗ ನಾ ಕರದದ್ದೊಂದು ಕೇಳೂದಿಲ್ಲ ನೋಡ್ರಿ ಇವರಿಗೆ" ಎಂದು ಒಳಗಿನಿಂದ ಹೇಳುತ್ತಾಳೆ.

ಆದರೆ ಆ ಮನೆಯಲ್ಲಿ ನಿಜವಾಗಿ ಕಿವಿ ಕೇಳದವಳು ಅವನ ತಾಯಿ ಗುರುಬಸವ್ವ. ವಯಸ್ಸಾದಂತೆ ಮೊದಲು ಗಡಿಯಾರದ ಟಿಕ್‌ಟಿಕ್ ಹೋಯಿತು, ಆಮೇಲೆ ಬಾಗಿಲ ಗಂಟೆ ಹೋಯಿತು, ಕಡೆಗೆ ಮನುಷ್ಯರ ಮಾತೂ ಹೋಯಿತು. ಅವಳು ಅದಕ್ಕೆಲ್ಲ ಬೇಸರ ಮಾಡಿಕೊಂಡವಳಲ್ಲ. ಅವಳ ಕೊರಗು ಒಂದೇ. ಅವಳ ತವರು ಬಬಲೇಶ್ವರ ತಾಲೂಕಿನ ನಿಡೋಣಿ. ಅಲ್ಲಿ ಅವಳ ಜೋಡಿ ಬೆಳೆದ ಗೆಳತಿ ವಿದ್ಯಾವತಿ ಈಗಲೂ ಹೆಣ್ಣುಮಕ್ಕಳ ಭಜನಾ ಮೇಳ ಕಟ್ಟಿಕೊಂಡು ಊರೂರು ಹಾಡುತ್ತಾಳೆ.

"ಅಕಿ ದನಿ ಒಮ್ಮೆ ಕೇಳಿದ್ನೆಂದ್ರ ಸಾಕೋ ಯಪ್ಪಾ" ಎಂದು ಗುರುಬಸವ್ವ ಮಗನಿಗೆ ಹೇಳುತ್ತಿದ್ದಳು.

"ನಾ ಕೇಳಸ್ತೇನಿ ತಗೋ ಯವ್ವಾ. ಅದರಾಗೇನೈತಿ" ಎಂದ ಸತೀಶಕುಮಾರ. ಹೇಳಿದ್ದು ಗಟ್ಟಿಯಾಗಿಯೇ ಹೇಳಿದ, ಅವಳಿಗೆ ಕೇಳಬೇಕಲ್ಲ.

ಅಷ್ಟು ಹೇಳಿದ ಮೇಲೆ ಅವನು ಸುಮ್ಮನೆ ಕೂರುವ ಪೈಕಿ ಅಲ್ಲ. ವಾರಗಟ್ಟಲೆ ಯೂಟ್ಯೂಬ್ ನೋಡಿ, ಡಾಕ್ಟರರನ್ನೂ ಬಿಡದೆ ಪ್ರಶ್ನೆ ಕೇಳಿ ದಣಿಸಿ, ಕಡೆಗೆ ಒಂದು ಕಿವಿ ಮಶಿನ್ ತಂದ. ಅವರೇಕಾಳಿನಷ್ಟು ಇತ್ತು. ಅದರ ದನಿ ಏರಿಸುವುದು ಇಳಿಸುವುದು ಎಲ್ಲ ಮೊಬೈಲಿನಲ್ಲಿ. ಗದ್ದಲಕ್ಕೊಂದು ಸೆಟ್ಟಿಂಗು, ಮಾತಿಗೊಂದು, ಸಂಗೀತಕ್ಕೆ ಬೇರೆಯದೇ ಒಂದು. ದಿನಾಲು ಹಾಕಿಕೊಂಡು ರೂಢಿ ಮಾಡಿಕೊಳ್ಳಬೇಕು ಎಂದು ಡಾಕ್ಟರರು ಮೂರು ಸಲ ಹೇಳಿ ಕಳಿಸಿದರು.

ಗುರುಬಸವ್ವ ಅದನ್ನು ಒಂದು ದಿನ ಹಾಕಿಕೊಂಡಳು. ಮರುದಿನ ಅರಿವೆಯಲ್ಲಿ ಸುತ್ತಿ, ಟ್ರೆಜರಿ ಕಪಾಟಿನಲ್ಲಿ ತನ್ನ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಳು. ಹೊಸ ವಸ್ತುವನ್ನು ಮನೆಯಲ್ಲಿ ತೊಟ್ಟು ಯಾರು ಹಾಳು ಮಾಡುತ್ತಾರೆ? ನಾಲ್ಕು ಜನರಲ್ಲಿ ಹೋಗುವಾಗ ಬೇಕಲ್ಲ. ಹೊಸ ತಾಟು, ಹೊಸ ಚಾದರ, ಹೊಸ ಚಪ್ಪಲಿ, ಎಲ್ಲ ಆ ಮನೆಯಲ್ಲಿ ಒಳ್ಳೆಯ ದಿನದ ದಾರಿ ಕಾಯುತ್ತಲೇ ಹಳತಾದವು. ಮಗ ಎಷ್ಟು ಕೂಗಾಡಿದರೂ, "ಮದಿವಿ ಮುಂಜಿವಿ ಬರ್ಲಿ ಹಾಕ್ಕೋತೇನಿ" ಎಂದು ಅವಳು ನಕ್ಕಳು. ರಿಮೋಟನ್ನು ಚೀಲದಲ್ಲಿಟ್ಟವನ ತಾಯಿ ಇನ್ನು ಹೇಗಿದ್ದಾಳು?

ಅವಳು ಕಾದ ಒಳ್ಳೆಯ ದಿನ ಬಂತು. ಬಿಜ್ಜರಗಿಯಲ್ಲಿ ದ್ರಾಕ್ಷಿ ಬೆಳೆಯುವ ಅವರ ಬೀಗ ಸಂಗನಬಸವ ಹೊಸ ಮನೆ ಕಟ್ಟಿಸಿದ್ದ. ಮನೆಯ ಓಪನಿಂಗ್ ದಿನ ಊಟ ಆದ ಮೇಲೆ ನಿಡೋಣಿಯ ಭಜನಾ ಮೇಳ ಎಂದು ಫೋನು ಮಾಡಿ ಹೇಳಿದ. ಗುರುಬಸವ್ವ ಅಂದು ರೇಷ್ಮೆ ಸೀರೆ ಉಟ್ಟು, ಮಡಿಕೆಯಿಂದ ಮಶಿನ್ ತೆಗೆದು ಸೊಸೆಯ ಕೈಯಿಂದ ಕಿವಿಗೆ ಹಾಕಿಸಿಕೊಂಡಳು. ಮದುಮಗಳಿಗೆ ಓಲೆ ಹಾಕಿದಂತೆ ನಾಚಿದಳು ಎಂದು ಸೌಭಾಗ್ಯ ಆಮೇಲೆ ಎಷ್ಟೋ ದಿನ ಹೇಳುತ್ತಿದ್ದಳು.

ಸಂಗನಬಸವನ ಮನೆ ಮುಂದೆ ಶಾಮಿಯಾನ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ನಡುವೆ ಓಡಾಡುವಷ್ಟು ಜಾಗ. ಗುರುಬಸವ್ವ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಹಾರ್ಮೋನಿಯಂ ಎದುರಿಗೇ ಹೋಗಿ ಕುಳಿತಳು. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಎಲೆ ಅಡಿಕೆಯ ಸಂಚಿ. ಸತೀಶಕುಮಾರ ಗಂಡಸರ ಕಡೆ ಒಂದು ಕಂಬಕ್ಕೆ ಆನಿಸಿಕೊಂಡು ಮೊಬೈಲು ತೆಗೆದ. ಮೊಬೈಲಿಗೆ ಮಶಿನ್ ಕೂಡಿಕೊಂಡಿದೆ ಎಂದು ಹಸಿರು ದೀಪ ತೋರಿಸಿತು. ಅವನಿಗೆ ಒಳಗೊಳಗೇ ಹೆಮ್ಮೆ ಆಯಿತು.

ವಿದ್ಯಾವತಿ ಗೆಳತಿಯನ್ನು ಕಂಡು ನಕ್ಕಳು, ಕೈ ಮುಗಿದಳು, ಸುರು ಮಾಡಿದಳು. ತಾಳ, ತಬಲಾ, ಹಿಂದಿನಿಂದ ಮೇಳದವರ ದನಿ. ಸತೀಶಕುಮಾರ ತಾಯಿಯ ಮುಖ ನೋಡಿದ. ಅವಳು ಹುಬ್ಬು ಗಂಟಿಕ್ಕಿದ್ದಳು, ಕೈ ಸೆರಗಿನೊಳಗೆ ಹೋಗಿತ್ತು. ತಾಳದ ಸಪ್ಪಳ ಜಾಸ್ತಿ ಆಗಿರಬೇಕು ಎಂದು ಅವನು ಗದ್ದಲ ಇಳಿಸಿದ. ಸ್ವಲ್ಪ ಹೊತ್ತಿಗೆ ಅವಳ ಮುಖ ತಿಳಿಯಾಯಿತು. ಅವನಿಗೆ ಧೈರ್ಯ ಬಂತು. ಸಂಗೀತದ ಸೆಟ್ಟಿಂಗಿಗೆ ಹಾಕಿದ. ಹಾರ್ಮೋನಿಯಂ ದನಿಯನ್ನು ಇಂಥ ಮಶಿನ್ನುಗಳು ತಮ್ಮದೇ ಕುಂಯ್ ಎಂಬ ಕೂಗೆಂದು ತಿಳಿದು ಅದುಮಿಬಿಡುತ್ತವೆ ಎಂದು ಎಲ್ಲೋ ಓದಿದ್ದ, ಅದನ್ನು ಬಿಡಿಸುವ ಗುಂಡಿ ಹುಡುಕಿದ. ಪರದೆಯ ಮೇಲೆ ಗೆರೆ ಏರುತ್ತ ಇಳಿಯುತ್ತ ಇತ್ತು. ಗೆರೆ ಇಳಿದರೆ ಏರಿಸಿದ, ಏರಿದರೆ ಇಳಿಸಿದ. ಹಾಡಿನ ಮೇಲೆ ಹಾಡು, ಪದದ ಮೇಲೆ ಪದ ಹೋದವು. ನಡುನಡುವೆ ಕಣ್ಣೆತ್ತಿದಾಗ ತಾಯಿ ತಲೆದೂಗುತ್ತಿದ್ದಳು, ಒಮ್ಮೆ ಕಣ್ಣೊರೆಸಿಕೊಂಡಳು. ಇವನ ಕಣ್ಣೂ ಹನಿಗೂಡಿದವು. ಎಷ್ಟು ದಿನದ ಮೇಲೆ ಅವ್ವನಿಗೆ ಹಾಡು ಕೇಳಿಸಿದೆ ನೋಡು, ನನ್ನ ಕೈಯಿಂದ ಕೇಳಿಸಿದೆ ಎಂದುಕೊಂಡ. ಪಕ್ಕದಲ್ಲಿ ಕುಳಿತ ಸಂಗನಬಸವ, "ಮೊಬೈಲ್ ಇಡೋ ಮಾರಾಯಾ, ಪದ ಕೇಳು" ಅಂದ. "ಅದ ಕೆಲಸ ಮಾಡಾಕತ್ತೇನ್ರಿ" ಎಂದ ಇವನು, ತಲೆ ಎತ್ತದೆ.

ಮಂಗಳಾರತಿ ಆಯಿತು. ಚಹಾ ಕುಡಿದು, ಕಾಯಿ ಬಾಳೆಹಣ್ಣು ಕಟ್ಟಿಸಿಕೊಂಡು ಮೂವರೂ ಕಾರು ಹತ್ತಿದರು. ಸೌಭಾಗ್ಯ ಮುಂದೆ, ಗುರುಬಸವ್ವ ಹಿಂದೆ.

ಟಿಕೋಟಾ ಸಮೀಪ ಬಂದಾಗ ಎಲ್ಲಿಂದಲೋ ಸಣ್ಣ ಕುಂಯ್ ಎಂಬ ಸಪ್ಪಳ ಸುರುವಾಯಿತು. ಸತೀಶಕುಮಾರ ಏಸಿ ಆರಿಸಿದ, ಹೋಗಲಿಲ್ಲ. ಚೂರು ಇಳಿದಿದ್ದ ಕಿಟಕಿ ಏರಿಸಿದ, ಹೋಗಲಿಲ್ಲ. ಫ್ಯಾನ್ ಬೆಲ್ಟಿನ ಪಟ್ಟಾ ಸವೆದಿರಬೇಕು ಎಂದು ಗಾಡಿ ಬದಿಗೆ ನಿಲ್ಲಿಸಿ ಇಂಜಿನ್ನೇ ಬಂದ್ ಮಾಡಿದ. ಆಗಲೂ ಅದು ಕುಂಯ್‌ಗುಡುತ್ತಲೇ ಇತ್ತು.

"ಹಿಂದಿನಿಂದ ಬರಾಕತ್ತೈತಿ ನೋಡ್ರಿ" ಎಂದಳು ಸೌಭಾಗ್ಯ.

ಇಬ್ಬರೂ ಹೊರಳಿ ನೋಡಿದರು. ಗುರುಬಸವ್ವ ಸಂಚಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಹೊರಗೆ ನೋಡುತ್ತ ಕುಳಿತಿದ್ದಳು. ಸಪ್ಪಳ ಸಂಚಿಯೊಳಗಿನದು. ಅವಳೊಬ್ಬಳಿಗೆ ಮಾತ್ರ ಅದು ಕೇಳುತ್ತಿರಲಿಲ್ಲ.

ಸೌಭಾಗ್ಯ ಸಂಚಿ ಇಸಿದುಕೊಂಡು ಬಿಚ್ಚಿದಳು. ಅಡಿಕೆ ಚೂರಿನ ನಡುವೆ ಮಶಿನ್ ಹಾಯಾಗಿ ಮಲಗಿತ್ತು, ಒಂದು ಕಡೆ ಸುಣ್ಣ ಮೆತ್ತಿಕೊಂಡು.

"ಯವ್ವಾ, ಇದನ್ನ ಯಾವಾಗ ತಗದಿ?" ಎಂದ ಸತೀಶಕುಮಾರ. ಅವಳು ತಿಳಿಯದೆ ನೋಡಿದಾಗ ಕೈಸನ್ನೆ ಮಾಡಿ ಕೂಗಿ ಕೇಳಿದ.

"ಮೊದಲನೇ ಪದಕ್ಕನ ತಗದೆ" ಎಂದಳು ಅವಳು, ಸಿಕ್ಕಿಬಿದ್ದವಳಂತೆ. "ಕಿವ್ಯಾಗ ತಗಡು ಬಡದಂಗ ಆತು. ನೀ ಆ ಕಡೆ ಕುಂತು ಅಷ್ಟು ಜೀವಾ ತೇಯಾಕತ್ತಿದ್ದಿ. ಹೇಳಾಕ ಮನಸ ಬರಲಿಲ್ಲೋ ನನ್ನಪ್ಪಾ."

ಅಂದರೆ ಅಷ್ಟೂ ಹೊತ್ತು ಅವನು ಅಡಿಕೆ ಚೂರಿಗೆ ಭಜನೆ ಕೇಳಿಸಿದ್ದ. ಸೌಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡಳು. ಅವನಿಗೂ ನಗು ಬರಬೇಕಿತ್ತು, ಬರಲಿಲ್ಲ.

"ಮತ್ತ ತಲಿ ಹಾಕಾಕತ್ತಿದ್ದಿ? ಅಳಾಕತ್ತಿದ್ದಿ?"

"ಅಕಿ ಪದ ನನಗ ಬಾಯಿಪಾಠ ಅದಾವಲ್ಲೋ. ಅಕಿ ಬಾಯಿ ನೋಡಕೋತ ಕುಂತೆ. ತುಟಿ ಅಳ್ಳಾಡಿದ್ರ ಪದ ಗೊತ್ತಾಕ್ಕೈತಿ." ಅವಳು ಸೊಸೆಯ ಕೈಯಿಂದ ಸಂಚಿ ಇಸಿದುಕೊಂಡಳು. "ಕಡೀದೊಂದು ತಿಳೀಲಿಲ್ಲ ನೋಡು. ನನ್ನ ನೋಡಿ ಸುರು ಮಾಡಿದ್ಲು, ಆಮ್ಯಾಲ ಅಳು ಬಂದು ಬಾಯಿಗೆ ಸೆರಗ ಹಿಡದ್ಲು. ನನ್ನ ಸಲುವಾಗಿನ ಹಾಡಿದ್ಲೋ ಏನೋ. ನಿನ್ನ ಕೇಳೂನು ಅಂತ ಮಾಡಿದ್ದೆ. ಯಾವ ಪದ ಹಾಡಿದ್ಲು ಸತೀಶಾ ಕಡೀಕ?"

ಸತೀಶಕುಮಾರ ನೆನಪು ಮಾಡಿಕೊಂಡ. ಹಸಿರು ದೀಪ ನೆನಪಾಯಿತು. ಏರಿದ ಗೆರೆ, ಇಳಿದ ಗೆರೆ ನೆನಪಾದವು. ಬ್ಯಾಟರಿ ಎಷ್ಟು ಉಳಿದಿತ್ತು ಎಂಬುದೂ ನೆನಪಿತ್ತು. ಕಡೆಯ ಪದ ಹೋಗಲಿ, ಒಂದೇ ಒಂದು ಪದದ ಒಂದು ಸಾಲೂ ಬರಲಿಲ್ಲ. ಅವನ ಎರಡೂ ಕಿವಿ ನೆಟ್ಟಗಿದ್ದವು, ತಾಯಿ ಅವನ್ನು ನೆಚ್ಚಿಕೊಂಡಿದ್ದಳು. ಅವನಿಗೆ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಸೌಭಾಗ್ಯಳ ಕಡೆ ನೋಡಿದ. ಅವಳು ಆ ಹೊತ್ತಿಗೆ ಒಳಗೆ ಕಡೆಯ ಪಂಕ್ತಿಯ ಊಟದ ಎಲೆ ತೆಗೆಯುವುದರಲ್ಲಿದ್ದಳಂತೆ.

ಅವನು ಗಾಡಿ ಹೊರಳಿಸಿದ.

ಬಿಜ್ಜರಗಿಯಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಮೇಳದವರು ತಬಲಾಕ್ಕೆ ಬಟ್ಟೆಯ ಗವಸಣಿಗೆ ಹಾಕಿ ಗಾಡಿಯ ದಾರಿ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದರು. ಸತೀಶಕುಮಾರ ಮೊಬೈಲು ಕಾರಿನಲ್ಲೇ ಬಿಟ್ಟು ಇಳಿದು, ವಿದ್ಯಾವತಿಯ ಮುಂದೆ ಹೋಗಿ ನಿಂತ.

"ಚಿಗವ್ವಾ, ಕಡೀ ಪದ ನಮ್ಮ ಅವ್ವಗ ಕೇಳಿಲ್ರಿ. ಇನ್ನೊಮ್ಮೆ ಹಾಡ್ತೀರೇನ್ರಿ?" ಎಂದ. ನನಗೂ ಕೇಳಿಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ.

"ಮಶಿನ್ ಹಾಕ್ಕೊಂಡಾಳ ಅಂದ್ರಲ್ಲೋ!" ಎಂದಳು ವಿದ್ಯಾವತಿ. ಆಮೇಲೆ ಗೆಳತಿಯ ಕಡೆ ತಿರುಗಿ, "ಬಾ ಬೇ, ಹಂತ್ಯಾಕ ಬಾ" ಎಂದು ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಅವಳ ತಲೆಯ ಸೆರಗು ಸರಿಸಿದಳು. ಎರಡೂ ಕೈಯನ್ನು ಬೊಗಸೆ ಮಾಡಿ ಅವಳ ಕಿವಿಗೆ ಕಟ್ಟಿ, ಅದರೊಳಗೆ ಬಾಯಿಟ್ಟು ಹಾಡಿದಳು. ಸಣ್ಣ ಹುಡುಗಿಯರು ಗುಟ್ಟು ಹೇಳಿದಂತೆ ಇತ್ತು. ಎದುರಿಗೆ ನಿಂತ ಸತೀಶಕುಮಾರನಿಗೆ ಗುಂಯ್ ಎಂಬುದರ ಹೊರತು ಏನೂ ಕೇಳಲಿಲ್ಲ. ಗುರುಬಸವ್ವ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿಗಳೂ ಆಡತೊಡಗಿದವು. ಪದ ಮುಗಿದ ಮೇಲೆ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ನಕ್ಕರು, ಅತ್ತರು.

ಕಾರು ಮತ್ತೆ ಟಿಕೋಟಾ ದಾಟಿತು. ಗುರುಬಸವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸತೀಶಕುಮಾರ ತಡೆದು ತಡೆದು, ಕಡೆಗೆ ಹಿಂದೆ ಹೊರಳಿ ಕೂಗಿ ಕೇಳಿದ.

"ಯವ್ವಾ, ಯಾವ ಪದ ಅದು?"

"ಅಯ್ಯ ಇವನ! ಕಿವಿ ಇದ್ದಾಂವ ನೀ. ಎರಡು ಸಲ ಅಲ್ಲೇ ಇದ್ದಿ, ಕಿವುಡೀನ ಕೇಳ್ತಿಯಲ್ಲೋ?"

"ನನಗ ಕೇಳಿಲ್ಲ ಯವ್ವಾ" ಎಂದ ಅವನು. "ಆವಾಗೂ ಕೇಳಿಲ್ಲ."

ಅವಳು ಅವನ ಬಾಯಿಯನ್ನೇ ನೋಡಿ ಅಷ್ಟನ್ನೂ ತಿಳಿದುಕೊಂಡಳು. ಎಲೆ ಮಡಚಿ ಸಂಚಿಯಲ್ಲೇ ಇಟ್ಟಳು. ನಿಡೋಣಿಯ ಹೊಲದಲ್ಲಿ ಹತ್ತಿ ಬಿಡಿಸುವಾಗ ತಾವಿಬ್ಬರೇ ಕಟ್ಟಿದ್ದು, ಭಜನೆಯಲ್ಲಿ ಹಾಡುವಂಥದ್ದಲ್ಲ ಎಂದು ಹೇಳಿ, ತನ್ನ ದನಿ ತನಗೇ ಕೇಳದವರು ಹಾಡುವ ಹಾಗೆ, ಸುರವಿಲ್ಲದೆ, ಗಟ್ಟಿಯಾಗಿ ಸುರು ಮಾಡಿದಳು.

"ಹತ್ತಿ ಬಿಡಿಸೂನು ಬಾರ ಗೆಳತಿ, ಹೊತ್ತು ಹೊಂಡೂದರಾಗ..."

ಸತೀಶಕುಮಾರ ಏಸಿ ಆರಿಸಿದ, ಕಿಟಕಿ ಏರಿಸಿದ, ಗಾಡಿಯನ್ನು ನಿಧಾನ ಮಾಡಿದ.