ಆಟದೊಳಗಿನ ನೀರು

ನನ್ನ ವರ್ಗಾವಣೆಗಳನ್ನು ನಾನು ಗ್ರಾಫಿಕ್ಸ್ ಕಾರ್ಡುಗಳಿಂದ ನೆನಪಿಟ್ಟುಕೊಂಡಿದ್ದೇನೆ. ಅಥಣಿಯಲ್ಲಿದ್ದಾಗ ಒಂದು, ರಾಯಬಾಗದಲ್ಲಿ ಒಂದು, ಕಾಗವಾಡದ ಎರಡು ವರ್ಷಕ್ಕೆ ಒಂದು, ಆಮೇಲೆ ಚಿಕ್ಕೋಡಿಯಲ್ಲಿ ಒಂದು. ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಭಾಗ ಅದು. ಅದು ಎಷ್ಟು ಗಟ್ಟಿಯಿದ್ದರೆ ಆಟದೊಳಗಿನ ಗಿಡ, ಮೋಡ, ಬೆಂಕಿ ಅಷ್ಟು ನಿಜವಾಗಿ ಕಾಣುತ್ತವೆ. ಸರಕಾರಿ ಕಚೇರಿಯ ಗುಮಾಸ್ತನಿಗೆ ಇದೆಂಥ ಚಟ ಎಂದು ಜೊತೆಯವರು ನಗುತ್ತಾರೆ. ನಗಲಿ. ಎರಡು ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸುತ್ತೇನೆ. ಕೂಡಿಸಿದ ದಿನ ಖುಷಿಯೇನೂ ಆಗುವುದಿಲ್ಲ. ತಿರುಪು ಬಿಗಿದು, ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಊಟಕ್ಕೆ ಕೂಡುತ್ತೇನೆ.

ಈ ನಾಲ್ಕಕ್ಕೂ ಮೊದಲಿನದೊಂದು ಇದೆ. ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ.

ಬೇಡಕಿಹಾಳದ ಹತ್ತಿರದ ನಮ್ಮೂರಿನ ಮನೆಯಲ್ಲಿ ಎರಡು ಸಂಸಾರ ಒಟ್ಟಿಗಿದ್ದವು, ನಮ್ಮದು ಮತ್ತು ಕಾಕಾನದು. ಕಾಕಾನ ಮಗ ನನಗಿಂತ ಎಂಟು ತಿಂಗಳಿಗೆ ದೊಡ್ಡವನು. ಅಷ್ಟು ಸಣ್ಣ ಹಿರಿತನಕ್ಕೆ ನಾನು ಮರ್ಯಾದೆ ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಇಬ್ಬರೂ ಕಾಲೇಜಿಗೆ ಹೋಗುತ್ತಿದ್ದೆವು. 2007ರ ಸುಮಾರಿಗೆ, ಕಬ್ಬಿನ ಬಿಲ್ಲಿನ ದುಡ್ಡು ಬಂದ ಹಂಗಾಮಿನಲ್ಲಿ, ಓದಿಗೆಂದು ಹೇಳಿ ಮನೆಗೆ ಒಂದು ಕಂಪ್ಯೂಟರು ತರಿಸಿದೆವು. ಓದಿಗೆ ಎಂಬುದನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಬಾವಿಯ ಮೋಟರು ಶುರುವಾದರೆ ಸಾಕು, ವೋಲ್ಟೇಜು ಇಳಿದು ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಕುಗ್ಗುತ್ತಿತ್ತು. ನಾವು ಕುಗ್ಗಿದ ಚಿತ್ರದಲ್ಲೇ ಆಡುತ್ತಿದ್ದೆವು.

ಒಂದು ದ್ವೀಪದ ಆಟ ನಮಗೆ ಹುಚ್ಚು ಹಿಡಿಸಿತ್ತು. ಸುತ್ತ ಸಮುದ್ರ. ಆದರೆ ನಮ್ಮ ಯಂತ್ರದಲ್ಲಿ ಬೇರೆ ಕಾರ್ಡು ಇರಲಿಲ್ಲವಾದ್ದರಿಂದ ಆ ಸಮುದ್ರ ಬೂದು ಬಣ್ಣದ ತಗಡು ಹಾಸಿದ ಹಾಗೆ ಕಾಣುತ್ತಿತ್ತು. ಸಮುದ್ರವೆಂದರೆ ಹಾಗೇ ಎಂದುಕೊಂಡಿದ್ದೆವು. ಒಂದು ದಿನ ಇವನು ನಿಪ್ಪಾಣಿಯ ಸೈಬರ್ ಕೆಫೆಯೊಂದರಲ್ಲಿ ಅದೇ ಆಟ ನೋಡಿ ಬಂದ. ಕೈಕಾಲು ಸಹ ತೊಳೆಯದೆ ನನ್ನ ಪಕ್ಕಕ್ಕೆ ಕುಳಿತ.

“ಲೇ, ನೀರು ಅಳ್ಳಾಡತೈತಿ. ಮ್ಯಾಲಿನ ಆಕಾಶ ಅದರಾಗ ಕಾಣತೈತಿ. ನಮ್ಮನಿಯಾಗ ಆ ನೀರು ಒಮ್ಮೆ ನೋಡಬೇಕಲೇ.”

ಅವತ್ತಿನಿಂದ ಅದೊಂದೇ ಮಾತು. ನೀರು ನೋಡಬೇಕು. ಕಾರ್ಡು ಆರಿಸುವ ಜವಾಬ್ದಾರಿ ನನ್ನದಾಯಿತು, ಏಕೆಂದರೆ ಇಬ್ಬರಲ್ಲಿ ತಿಳಿದವನಂತೆ ಮಾತಾಡುತ್ತಿದ್ದವನು ನಾನು. ನಿಪ್ಪಾಣಿಯ ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ, ಯಾವುದರ ಮೇಲೆ ಮೆಮೊರಿಯ ಅಂಕಿ ದೊಡ್ಡದಿತ್ತೋ ಅದನ್ನು ಎತ್ತಿಕೊಂಡೆ. ಕೈಯಲ್ಲಿ ಹಿಡಿದು ತೂಗಿಯೂ ನೋಡಿದೆ. ನಮ್ಮ ಕಡೆ ಕಬ್ಬಿರಲಿ, ತಂಬಾಕಿರಲಿ, ತೂಕ ಬಂದರೆ ಮಾಲು ಒಳ್ಳೆಯದು. ಕಾರ್ಡನ್ನೂ ಹಾಗೇ ಕೊಂಡೆ.

ಮನೆಗೆ ತಂದು ಮುಚ್ಚಳ ಬಿಚ್ಚಿದರೆ ಅದು ಒಳಗೆ ಕೂಡಲಿಲ್ಲ. ಯಂತ್ರದೊಳಗಿನ ಮುಖ್ಯ ಬೋರ್ಡಿನ ಮೇಲೆ ಕಾರ್ಡು ಕೂಡಿಸುವ ಸೀಳಿನಲ್ಲಿ ಆಗ ಹಳೆಯ ನಮೂನೆ, ಹೊಸ ನಮೂನೆ ಎಂದು ಎರಡು ಬಗೆ ಇದ್ದವು. ಅಗ್ಗಕ್ಕೆ ಸಿಕ್ಕ ನಮ್ಮ ಯಂತ್ರದ ಬೋರ್ಡು ಹಳೆಯ ನಮೂನೆಯದು, ನಾನು ಆರಿಸಿದ ಕಾರ್ಡು ಹೊಸದು. ಅಂಗಡಿಗೆ ಫೋನು ಮಾಡಿದೆವು. ಅಂಗಡಿಯವನು ಮರಾಠಿಯಲ್ಲಿ, “ಬೋರ್ಡ್ ಘೇಊನ್ ಯಾ” ಎಂದ. ಬೋರ್ಡನ್ನೇ ತಗೊಂಡು ಬರ್ರಿ ಅಂತ. ಇವನು ಬೋರ್ಡು ಬಿಚ್ಚಿ, ತನ್ನ ತಾಯಿಯ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿಟ್ಟ. ಬ್ಲೌಸ್ ಪೀಸು ಮ್ಯಾಚ್ ಮಾಡಲು ಸೀರೆ ಒಯ್ಯುವವರ ಹಾಗೆ ಕಾಣುತ್ತಿದ್ದಾನೆಂದು ನಾನು ನಕ್ಕೆ. ನನಗೆ ಮರುದಿನ ಪರೀಕ್ಷೆಯ ಫಾರ್ಮು ತುಂಬುವುದಿತ್ತು. ಅವನೊಬ್ಬನೇ ಹೋಗುವುದೆಂದಾಯಿತು.

ಮರುದಿನ ಬೆಳಿಗ್ಗೆ ಕಾಕು, ಅಂದರೆ ಅವನ ತಾಯಿ, ದನಕ್ಕೆ ಮೇವು ಹಾಕಿ ಒಳಗೆ ಬಂದಾಗ ಇವನು ಗಾಡಿಯ ಕೀಲಿ ಹುಡುಕುತ್ತಿದ್ದ. ಅವತ್ತು ಗದ್ದೆಯಲ್ಲಿ ಕಬ್ಬು ಕಡಿಯುವ ಗ್ಯಾಂಗು ಬರುವುದಿತ್ತು, ಮನೆಯಲ್ಲಿ ಗಂಡಾಳು ಬೇಕಿತ್ತು. ಕಾಕುವಿಗೆ ಸಿಟ್ಟು ನೆತ್ತಿಗೇರಿತು.

“ಎದ್ದರ ಬಿದ್ದರ ಆ ಡಬ್ಬಿ. ಎತ್ತಾಗ ಬೇಕೋ ಅತ್ತಾಗ ಹೋಗು. ಮತ್ತ ಮನಿಗೆ ಬರಬ್ಯಾಡ.”

ಎಲ್ಲ ತಾಯಂದಿರೂ ವಾರಕ್ಕೆರಡು ಸಲ ಅನ್ನುವ ಮಾತು. ಇವನು ನನ್ನ ಕಡೆ ನೋಡಿ ಕಣ್ಣು ಹೊಡೆದು, ಗಾಡಿ ಹತ್ತಿ ಹೋದ.

ಅವನು ನಿಪ್ಪಾಣಿಯಿಂದ ಬರುವಾಗ ಹೊತ್ತು ಮುಳುಗಿತ್ತು. ಕಬ್ಬು ತುಂಬಿದ ಟ್ರೇಲರ್ ಒಂದು ಅಚ್ಚು ಮುರಿದು ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿರಲಿಲ್ಲ. ಆಸ್ಪತ್ರೆಗೆ ಒಯ್ಯುವಂಥದ್ದೇನೂ ಉಳಿದಿರಲಿಲ್ಲ ಎಂದು ಅಪ್ಪ ಅಂಗಳದಲ್ಲಿ ನಿಂತು ಹೇಳಿದರು. ನಾನು ಕೇಳಿಸಿಕೊಂಡೆ. ಆಮೇಲೆ ಮೋಟರು ಬಂದ್ ಮಾಡಲು ಬಾವಿಗೆ ಹೋದೆ. ಯಾರೂ ಹೇಳಿರಲಿಲ್ಲ, ಹೋದೆ.

ಚೀಲ ವಾಪಸು ಬಂತು. ಒಳಗೆ ಸೀರೆಯಲ್ಲಿ ಸುತ್ತಿದ ಬೋರ್ಡು, ಪಕ್ಕಕ್ಕೆ ಹೊಸ ಪೆಟ್ಟಿಗೆ. ಎರಡಕ್ಕೂ ಒಂದು ಗೀರು ಬಿದ್ದಿರಲಿಲ್ಲ. ಈ ಸಲ ಸರಿಯಾದ ಕಾರ್ಡೇ ತಂದಿದ್ದ.

ಮೂರನೆಯ ದಿನ ಬೆಳಿಗ್ಗೆ ಬೂದಿ ತುಂಬಿ, ಎಡೆ ಇಟ್ಟೆವು. ಅನ್ನ, ಹೋಳಿಗೆ, ಅವನಿಗೆ ಸೇರುತ್ತಿದ್ದ ಖಾರದ ಅವಲಕ್ಕಿ. ಕಾಗೆ ಬಂದು ಮುಟ್ಟಿದರೆ ಹೋದವನಿಗೆ ಸಮಾಧಾನವಾಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ದೊಡ್ಡ ದನಿಯಲ್ಲಿ ಮಾತು ಕೊಡಬೇಕು. ಕಾಗೆಗಳು ಬೇವಿನ ಗಿಡದ ಮೇಲೆ ಕುಳಿತೇ ಇದ್ದವು. ಕೆಳಗಿಳಿಯಲಿಲ್ಲ.

“ನಿಮ್ಮವ್ವನ್ನ ಚೆಂದಾಗಿ ನೋಡ್ಕೋತೀನಪಾ,” ಎಂದರು ಕಾಕಾ.

“ನಿನ್ನ ತಂಗಿ ಲಗ್ನ ನಾ ನಿಂತ ಮಾಡತೀನಿ,” ಎಂದರು ನನ್ನ ಅಪ್ಪ.

ಯಾರೋ ಹೊಸ ಗಾಡಿ ತರುತ್ತೇವೆ ಎಂದರು, ಯಾರೋ ಗುಡಿಗೆ ಗಂಟೆ ಕಟ್ಟಿಸುತ್ತೇವೆ ಎಂದರು. ಬಿಸಿಲೇರಿತು. ಕಾಗೆ ಬರಲಿಲ್ಲ. ಕಾಕು ಬಾಯಿ ಬಿಡದೆ ನೆಲ ನೋಡುತ್ತ ಕುಳಿತಿದ್ದಳು.

ನನಗೆ ಗೊತ್ತಿತ್ತು. ಹೇಳಬೇಕಾದದ್ದು ಒಂದೇ ಮಾತು: ಕಾರ್ಡ್ ನಾ ಹಚ್ಚತೀನಿ, ನಿನ್ನ ಪಾಲಿನ ನೀರು ನಾ ನೋಡತೀನಿ. ಆದರೆ ನಲವತ್ತು ಜನ ಹಿರಿಯರ ನಡುವೆ ನಿಂತು ಆಟದ ಮಾತು ಹೇಗೆ ಹೇಳುವುದು? ಹೇಳಿದರೆ ಯಾವ ಕಾರ್ಡು ಅನ್ನುತ್ತಾರೆ, ಯಾಕೆ ಬದಲಿಸಲು ಹೋಗಿದ್ದ ಅನ್ನುತ್ತಾರೆ, ಮೊದಲು ಆರಿಸಿದವರು ಯಾರು ಅನ್ನುತ್ತಾರೆ. ಆರಿಸಿದವನು ನಾನು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಕೊನೆಗೆ ಹಿರಿಯರೊಬ್ಬರು ಎಡೆಯನ್ನು ಆಕಳಿಗೆ ಕೊಡಿಸಿದರು. ಎಲ್ಲರೂ ಮನೆಗೆ ಬಂದೆವು. ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ.

ಆ ಯಂತ್ರ ಬಿಚ್ಚಿದ್ದು ಬಿಚ್ಚಿದಂತೆಯೇ ಇದ್ದು ಗುಜರಿಗೆ ಹೋಯಿತು. ನನಗೆ ನೌಕರಿ ಸಿಕ್ಕಿತು. ಮೊದಲ ಸಂಬಳ ಕೈಗೆ ಬಂದಾಗ ಅಥಣಿಯಲ್ಲಿ ಹೊಸ ಯಂತ್ರ ಕಟ್ಟಿಸಿ, ಅದಕ್ಕೊಂದು ಕಾರ್ಡು ಹಾಕಿದೆ. ಈಗ ಆರಿಸುವುದರಲ್ಲಿ ತಪ್ಪುವುದಿಲ್ಲ. ಸೀಳು ಯಾವುದು, ಎಷ್ಟು ವಿದ್ಯುತ್ತು ಎಳೆಯುತ್ತದೆ, ಡಬ್ಬಿಯೊಳಗೆ ಉದ್ದ ಹಿಡಿಸುತ್ತದೋ ಇಲ್ಲವೋ, ಎಲ್ಲ ಅಳತೆ ಮಾಡಿಯೇ ಕೊಳ್ಳುತ್ತೇನೆ. ಕಚೇರಿಯ ಹುಡುಗರು ಸಲಹೆ ಕೇಳಲು ಬರುತ್ತಾರೆ. ಹಳೆಯ ಯಂತ್ರ ಗುಜರಿಗೆ ಹೋಗುವ ಮೊದಲು ತೆಗೆದಿಟ್ಟುಕೊಂಡ ಆ ದ್ವೀಪದ ಆಟವನ್ನೂ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಬಂದೆ. ಒಮ್ಮೆಯೂ ತೆರೆಯಲಿಲ್ಲ. ಹೊಸ ಕಾರ್ಡು ಬಂದಾಗ ತೆರೆದರಾಯಿತು ಎಂದುಕೊಳ್ಳುತ್ತಿದ್ದೆ. ಹೊಸ ಕಾರ್ಡು ಬರುತ್ತಿತ್ತು, ಮುಂದಿನದು ಬರಲಿ ಅನ್ನುತ್ತಿದ್ದೆ. ಅವನು ತಂದ, ಇನ್ನೂ ಪೆಟ್ಟಿಗೆಯಲ್ಲೇ ಇರುವ ಆ ಕಾರ್ಡಂತೂ ಈಗಿನ ಯಾವ ಬೋರ್ಡಿಗೂ ಕೂಡುವುದಿಲ್ಲ.

ಊರಿಗೆ ಹೋದಾಗಲೆಲ್ಲ ಕಾಕುವಿನದೊಂದು ಹೊಸ ರೂಢಿ ಗಮನಕ್ಕೆ ಬರುತ್ತಿತ್ತು. ಯಾರೇ ಮನೆಯಿಂದ ಹೊರಟರೂ, ಹಾಲಿನವನಿರಲಿ ಬೀಗರಿರಲಿ, ಅಂಗಳದ ತುದಿಯವರೆಗೆ ಬಂದು, “ಬರ್ರಿ ಮತ್ತ, ತಿರಗಿ ಬರ್ರಿ,” ಎಂದು ಅವರು ಮರೆಯಾಗುವವರೆಗೆ ಹೇಳುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆ.

ಹತ್ತು ವರ್ಷದ ಮೇಲೆ ಕಾಕುವಿನ ಕಣ್ಣಿಗೆ ಪೊರೆ ಬಂತು. ಆಗ ನಾನಿದ್ದ ಚಿಕ್ಕೋಡಿಯಲ್ಲಿ ಆಪರೇಷನ್ ಆಗಿ, ಒಂದು ವಾರ ನನ್ನ ಮನೆಯಲ್ಲಿ ಉಳಿದಳು. ಆ ಭಾನುವಾರ ಮಧ್ಯಾಹ್ನ ನಾನು ಯಾವುದೋ ಆಟ ಆಡುತ್ತಿದ್ದೆ. ಅವಳು ಕರಿ ಕನ್ನಡಕ ಹಾಕಿಕೊಂಡು ಹಿಂದೆ ಮಂಚದ ಮೇಲೆ ಕುಳಿತಿದ್ದಳು.

“ಅಂವ ಆಡತಿದ್ದದ್ದು ಇದ ಏನು?”

“ಇದಲ್ಲ ಕಾಕು. ಅದು ಹಳೇದು.”

“ಐತೇನು ಅದು?”

“ಐತಿ.”

“ಹಚ್ಚು, ನೋಡೂಣು.”

ಆಡುತ್ತಿದ್ದದ್ದನ್ನು ಮುಚ್ಚಿ, ಆ ದ್ವೀಪದ ಆಟ ಹಚ್ಚಿದೆ. ಆಟ ತೆರೆದುಕೊಳ್ಳುವವರೆಗೆ ಅವಳೇ ಮಾತಾಡಿದಳು, ಸಂತೆಯ ದರ ಹೇಳುವಷ್ಟು ತಣ್ಣಗೆ.

“ಅವತ್ತ ಮುಂಜಾನೆ ನಾ ಮನಿಗೆ ಬರಬ್ಯಾಡ ಅಂದಿದ್ನಿ. ಅದಕ್ಕ ಕಾಗಿ ಬರಲಿಲ್ಲ. ಹುಟ್ಟಿದಾಗಿಂದ ನನ್ನ ಒಂದ ಮಾತೂ ಕೇಳಿದಾಂವ ಅಲ್ಲ. ಅದೊಂದ ಕೇಳಿದ.”

ನಾನು ಅವಳ ಕಡೆ ಕುರ್ಚಿ ತಿರುಗಿಸಿದೆ. ಹತ್ತು ವರ್ಷ ಇವಳು ಇದನ್ನು ಹೊತ್ತುಕೊಂಡು ದನಕ್ಕೆ ಮೇವು ಹಾಕಿದ್ದಾಳೆ, ರೊಟ್ಟಿ ಬಡಿದಿದ್ದಾಳೆ, ಬಂದುಹೋಗುವವರಿಗೆಲ್ಲ ತಿರುಗಿ ಬರ್ರಿ ಅಂದಿದ್ದಾಳೆ. ನಾನು ಕಾರ್ಡು ಬದಲಿಸಿದ್ದೇನೆ.

“ಅದಕ್ಕಲ್ಲ ಕಾಕು,” ಎಂದೆ. ಎಲ್ಲ ಹೇಳಿದೆ. ನಾನು ಆರಿಸಿದ ತಪ್ಪು ಕಾರ್ಡು, ತಗಡಿನಂಥ ಸಮುದ್ರ, ಒಮ್ಮೆ ಆ ನೀರು ನೋಡಬೇಕೆಂದಿದ್ದು, ಹೊರಡುವಾಗ ಕಣ್ಣು ಹೊಡೆದದ್ದು. “ಅಂವಗ ನಿನ್ನ ಮ್ಯಾಲ ಸಿಟ್ಟ ಇರಲಿಲ್ಲ. ಅವತ್ತ ನಾ ಹೇಳಬೇಕಿತ್ತು. ಮಂದಿ ಮುಂದ ನಾಚಿಕಿ ಬಂತು. ಅಂಜಿಕೀನೂ ಬಂತು.”

ಕಾಕು ಮಂಚದ ಅಂಚಿಗೆ ಸರಿದು ಕುಳಿತಳು.

“ಒಂದ ಮಾತಲ್ಲೋ,” ಎಂದಳು. “ಒಂದ ಮಾತ ಹೇಳಿದ್ರ ಆಗತಿತ್ತು.”

“ಆಗತಿತ್ತು ಕಾಕು.”

ಪರದೆಯ ಮೇಲೆ ದ್ವೀಪ ಬಂದಿತ್ತು. ನಾನು ದಂಡೆಯವರೆಗೆ ನಡೆದು ನಿಂತೆ. ಈಗಿನ ಆಟಗಳ ಮುಂದೆ ಅದು ಬಡವರ ನೀರು. ಅದೇ ಅಲೆ ಮತ್ತೆ ಮತ್ತೆ ಬರುತ್ತಿತ್ತು. ಆದರೆ ಅಲ್ಲಾಡುತ್ತಿತ್ತು, ಮೇಲಿನ ಮೋಡ ಅದರೊಳಗೆ ಕಾಣುತ್ತಿತ್ತು. ಕಾಕು ಎದ್ದು ಬಂದು ನನ್ನ ಕುರ್ಚಿ ಹಿಡಿದು ನಿಂತಳು. ಡಾಕ್ಟರು ಬೇಡವೆಂದಿದ್ದರೂ ಕನ್ನಡಕ ತೆಗೆದಳು.

“ಇಷ್ಟಕ್ಕ?”

“ಇಷ್ಟಕ್ಕ.”

ಆಟ ಮುಚ್ಚಲು ಮೌಸಿನ ಮೇಲೆ ಕೈ ಇಟ್ಟೆ. ಅವಳು ನನ್ನ ಭುಜ ಒತ್ತಿದಳು.

“ತಡಿ. ಹಂಗ ಇರಲಿ ಸ್ವಲ್ಪ ಹೊತ್ತು. ನೋಡಲಿ ಅಂವ.”

ನಾನು ಕೈ ತೆಗೆದೆ.