ಸವತಿಕಾಯಿಯ ತುದಿ

ಇವತ್ತು ಮಧ್ಯಾಹ್ನ ರೊಟ್ಟಿಯ ಜೊತೆಗಿದ್ದ ಸವತಿಕಾಯಿ ಪಚಡಿ ಬಾಯಿಗಿಡುತ್ತಲೇ ನನ್ನ ಪಿತ್ತ ನೆತ್ತಿಗೇರಿತು. ಕಹಿ! ಇಳಕಲ್ಲಿನ ಈ ಬಿಸಿಲಲ್ಲಿ ಬಾಯಿ ತಂಪಾಗಲಿ ಎಂದು ಕಾದು ಕೂತವನಿಗೆ ಇಂಥ ಗತಿಯೇ?

"ಕಾಯಿ ಆರಿಸಿ ತಂದವರು ನೀವು. ನನ್ನ ಮ್ಯಾಲ್ಯಾಕ ಹಾರ್ತೀರಿ?" ಎಂದಳು ಹೆಂಡತಿ. ಮಾತು ಖರೆ. ದೊಡ್ಡ ಅಂಗಡಿಗೆ ಹೋಗಿ, ಥಳಥಳ ಹೊಳೆಯುವ ನಾಲ್ಕು ಕಾಯಿ ಆರಿಸಿ ತಂದ ಜಾಣ ನಾನೇ. ಆದರೂ ನೀವೇ ಹೇಳಿ, ಹೆಚ್ಚುವ ಮುಂಚೆ ಒಮ್ಮೆ ರುಚಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿ ಏಕಿಲ್ಲ?

ಇತ್ತು. ನಿಲ್ಲಿಸಿದವರು ನಾವೇ.

ನಮ್ಮ ಕಾಕಾನ ಹೆಂಡತಿ, ಚಿಗವ್ವ, ಬೇಸಿಗೆಯಲ್ಲಿ ಈಳಿಗೆಯ ಮುಂದೆ ಕೂತಳೆಂದರೆ ಮೊದಲು ಪ್ರತಿ ಸವತಿಕಾಯಿಯ, ಹೀರೇಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಹಿ ಇದ್ದರೆ ಮುಖ ಕಿವುಚಿ ಆ ಕಾಯಿಯನ್ನು ಎಮ್ಮೆಯ ಬುಟ್ಟಿಗೆ ಎಸೆಯುವಳು. ಚಲೋ ಇದ್ದರೆ ಹಸಿಮೆಣಸಿನಕಾಯಿ, ಶೇಂಗಾಪುಡಿ, ಮಾವಿನಕಾಯಿಯ ತುರಿ, ಮೇಲೊಂದು ಒಗ್ಗರಣೆ. ಆ ಪಚಡಿಗೆ ನಾನು ಎಷ್ಟು ರೊಟ್ಟಿ ಮುರಿಯುತ್ತಿದ್ದೆ ಎಂದು ಇಲ್ಲಿ ಹೇಳಲಾರೆ, ಮರ್ಯಾದೆಯ ಪ್ರಶ್ನೆ.

ಅಕ್ಕನನ್ನು ನೋಡಲು ಹುನಗುಂದದವರು ಬಂದ ದಿನ ಹುಡುಗನ ತಾಯಿ ಅಡುಗೆಮನೆಗೆ ಇಣುಕಿದರು. ಚಿಗವ್ವನ ದವಡೆ ಆಡುತ್ತಿತ್ತು. ಅಷ್ಟೇ ಸಾಕಾಯಿತು.

"ಕಚ್ಚಿ ಎಂಜಲ ಮಾಡಿದ್ದನ್ನ ನಮಗ ಬಡಸ್ತೀರೇನ್ರಿ?"

"ಕೊಯ್ದ ತುದಿ ಅಷ್ಟ ತಿಂದೇನ್ರಿ, ಕಾಯಿ ಕಚ್ಚಿಲ್ಲ," ಎಂದಳು ಚಿಗವ್ವ. ಯಾರು ಕೇಳಬೇಕು? ಅಪ್ಪ ನನ್ನತ್ತ ತಿರುಗಿದ. "ನೀ ಇಲ್ಲೇ ಇದ್ದೆಲ್ಲೋ. ಕಚ್ಚಿದಳೇನು?"

ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ ಪಂಡಿತ ನಾನು. ಎಲ್ಲ ಕಣ್ಣಾರೆ ಕಂಡಿದ್ದೆ. ಆದರೆ ಬೀಗತಿಯಾಗುವವರ ಮಾತು ಸುಳ್ಳು ಎಂದರೆ ಸಂಬಂಧ ಮುರಿದೀತೆಂದು ಹೆದರಿ ನೆಲ ನೋಡುತ್ತ ನಿಂತೆ.

ಪಚಡಿ ಎಮ್ಮೆಯ ಪಾಲಾಯಿತು. ಮದುವೆಯೂ ಆಯಿತು. ಚಿಗವ್ವನನ್ನು ಮಾತ್ರ ಅಂದಿನಿಂದ ಯಾರೂ ಈಳಿಗೆ ಮುಟ್ಟಗೊಡಲಿಲ್ಲ. ಇಡೀ ಮನೆಯ ಅಡುಗೆ ನಡೆಸಿದವಳಿಗೆ ಕಾಳು ಹಸನು ಮಾಡುವ ಮೊರವೊಂದೇ ಉಳಿಯಿತು. ಎಂಥ ಅನ್ಯಾಯ ಇದು! ನಮ್ಮೆಲ್ಲರ ಪಾಲಿನ ಕಹಿ ತಾನು ತಿಂದವಳು ಹೊಲಸಾದಳು, ಕೂತು ಉಂಡ ನಾವು ಸ್ವಚ್ಛ! ನೆನೆದರೆ ಈಗಲೂ ಮೈ ಉರಿಯುತ್ತದೆ. ಬೀಗತಿಯ ಮೇಲೆ ಅರ್ಧ, ನನ್ನ ಮೇಲೆ ಪೂರ್ತಿ.

ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಚಿಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುಂದೆ ಹೋಗಿ ಕುಕ್ಕರಿಸಿದೆ.

"ಚಿಗವ್ವ, ನೀ ಅವತ್ತ ಕಾಯಿ ಕಚ್ಚಿರಲಿಲ್ಲ. ನಾ ನೋಡಿದ್ದೆ."

ಆಕೆ ಮೊರ ಕೆಳಗಿಟ್ಟಳು.

"ಅದನ್ನ ನನಗ್ಯಾಕ ಹೇಳ್ತಿ? ನನಗ ಗೊತ್ತಿಲ್ಲೇನು? ಹುನಗುಂದಕ್ಕ ಹೋಗಿ ಹೇಳು. ಆ ಬೀಗತಿ ಇನ್ನಾ ಅದಾಳ."

ನಾಲ್ಕು ಗಂಟೆಯ ಬಸ್ಸಿಗೆ ಹೊರಟಿದ್ದೇನೆ.