ತಂಗೆವ್ವನ ಸಂಚಕಾರ

ನಮ್ಮ ಚಿಗವ್ವ ತಂಗೆವ್ವನಿಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಆದರೂ ಆ ಸೋಮವಾರ ಅನಗವಾಡಿಯ ಮನೆಯಲ್ಲಿ ಅವಳು ತಿರುಗಾಡಿದ ಪರಿ ನೋಡಿ ನನಗೇ ತಲೆ ತಿರುಗಿತು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರುವುದು, ಬಾಗಿಲಿಗೆ ಬಂದು ರಸ್ತೆ ನೋಡುವುದು, ಮತ್ತೆ ಒಳಗೆ. ಒಲೆಯ ಮೇಲೆ ಚಹಾ ಉಕ್ಕಿ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆದದ್ದಿಷ್ಟು. ಎಮ್ಮೆ ಮಾರುವುದೆಂದು ಗಂಡ ಹೆಂಡತಿ ಕೂಡಿಯೇ ಮಾತಾಡಿಕೊಂಡಿದ್ದರು. ರವಿವಾರ ಬೆಳಿಗ್ಗೆ ಓಣಿಯ ಶಿವವ್ವ ಬಂದು ಸಾವಿರ ರೂಪಾಯಿ ಸಂಚಕಾರ ಚಿಗವ್ವನ ಕೈಯಲ್ಲಿಟ್ಟಳು. ಸಂಜೆ ಅವಳ ಗಂಡ ದಶರಥ ಕಾಕಾ ಮಹಾಲಿಂಗಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಮೊದಲೇ ಎಮ್ಮೆ ನೋಡಿ ಹೋಗಿದ್ದ ತೇರದಾಳದ ಪಾರಿಸಪ್ಪನವರಿಂದ ಇನ್ನೊಂದು ಸಾವಿರ ಇಸಿದುಕೊಂಡ. ಬೆಲೆಯೂ ಹೆಚ್ಚು. ಗಂಡ ಹೆಂಡತಿ ಇಬ್ಬರ ಹತ್ತಿರವೂ ಫೋನಿದೆ, ಮಾಡಬೇಕಲ್ಲ!

ಸಂಚಕಾರವೆಂದರೆ ಪೇಟೆಯವರ ಅಡ್ವಾನ್ಸು. ಯಾರದೋ ಕುರ್ಚಿಗೆ ಸಂಚಕಾರ ಬಂತೆಂದು ಬರೆದು ಬರೆದು ಪತ್ರಿಕೆಯವರು ಪಾಪದ ಶಬ್ದಕ್ಕೆ ಕೆಟ್ಟ ಹೆಸರು ತಂದಿದ್ದಾರೆ. ನಿಘಂಟು ತೆಗೆದರೆ ಅದರ ಮೂಲ ಸಂಸ್ಕೃತದ 'ಸತ್ಯಂಕಾರ', ಅಂದರೆ ಮಾತನ್ನು ಸತ್ಯ ಮಾಡುವುದು. ನಮ್ಮವರ ಬಾಯಲ್ಲಿ ಸಂಚಗಾರ. ಕಾಗದವಿಲ್ಲ, ಸಹಿಯಿಲ್ಲ. ಕೊಳ್ಳುವವ ಹಿಂದೆ ಸರಿದರೆ ಅವನ ದುಡ್ಡು ಹೋಯಿತು, ಮಾರುವವ ಸರಿದರೆ ಎರಡರಷ್ಟು ತಿರುಗಿ ಕೊಡಬೇಕು.

"ಶಿವವ್ವನ ರೊಕ್ಕ ತಿರುಗಿ ಕೊಟ್ಟು ಬಾ," ಎಂದಿದ್ದ ಕಾಕಾ ಆ ಸೋಮವಾರ ಮುಂಜಾನೆ. "ಹೆಂಗಸರು ಹೆಂಗಸರು ಇಸಗೊಂಡದ್ದು ಯಾವ ಸಂಚಗಾರಲೇ?"

"ಎಮ್ಮಿ ಈಯೂಮುಂದ ಬಾಜೂಕ ಕೂತಾಕಿ ನಾ, ಸಗಣಿ ಬಳದಾಕಿ ನಾ. ಮಾತ ಕೊಡಾಕ ಮಾತ್ರ ಹೆಂಗಸ ಆದ್ನೇನ್ರಿ?"

ಭಲೇ ಚಿಗವ್ವಾ ಎನ್ನಬೇಕೆನಿಸಿತು, ಕಾಕಾನ ಮುಖ ನೋಡಿ ಚಹಾದ ಕಪ್ಪು ಎತ್ತಿಕೊಂಡೆ. ಅವಳಿಗೆ ಅಳುಕಿತ್ತು. ಪಾರಿಸಪ್ಪನವರೂ ಗಂಡನ ಮಾತನ್ನೇ ಅಂದುಬಿಟ್ಟರೆ ನಾಳೆ ಶಿವವ್ವನ ಎದುರು ಹೇಗೆ ನಿಲ್ಲುವುದು?

ಮಧ್ಯಾಹ್ನ ಪಾರಿಸಪ್ಪನವರ ಟೆಂಪೊ ಬಂತು. ಚಿಗವ್ವ ಸೆರಗು ಎಳೆದುಕೊಂಡು ಎಲ್ಲ ಹೇಳಿದಳು. ಅವರು ನಕ್ಕರು.

"ಮೊದಲ ನೀವು ಇಸಗೊಂಡೀರಿ ಅಂದ್ರ ಎಮ್ಮಿ ಮಾರಿ ಆತು ಬಿಡವಾ. ನಮ್ಮ ಸಾವಿರ ಅಷ್ಟ ಕೊಡ್ರಿ. ಎರಡರಷ್ಟು ಬ್ಯಾಡ, ಗೊತ್ತಿಲ್ದ ಆಗೇತಿ."

ಕಾಕಾ ಉಸಿರು ಬಿಟ್ಟ. ಚಿಗವ್ವ ಬಿಡಲಿಲ್ಲ.

"ಹಂಗ ಬ್ಯಾಡ್ರಿ ಅಣ್ಣಾ, ಎರಡರಷ್ಟು ತಗೊಳ್ರಿ. ನೀವು ಬಿಟ್ಟುಕೊಟ್ರ ನಾಳಿ ಇವರು, ಪಾರಿಸಪ್ಪಣ್ಣ ದೊಡ್ಡ ಮನಸ್ಸು ಮಾಡಿದ್ರು ಅಂತಾರ. ನನ್ನ ಮಾತಿಗೆ ಎಮ್ಮಿ ನಿಂತಿತು ಅನ್ನೂದಿಲ್ಲ."

ಹೀಗೆಂದು ಗಂಡನ ಮುಂದೆ ಅಂಗೈ ಚಾಚಿದಳು. ಕಾಕಾನ ಮುಖ ಇಂಗು ತಿಂದ ಮಂಗನಂತಾಯಿತು. ಕಿಸೆಯಿಂದ ಪಾರಿಸಪ್ಪನವರ ಸಾವಿರ ತೆಗೆದ, ಮೇಲೊಂದು ಸಾವಿರ ತನ್ನದೂ ತೆಗೆದ. ಪಾರಿಸಪ್ಪನವರು ಎರಡನ್ನೂ ತೆಗೆದುಕೊಂಡು ಖಾಲಿ ಟೆಂಪೊ ತಿರುಗಿಸಿದರು.

ಸಂಜೆ ಶಿವವ್ವ ಎಮ್ಮೆ ಹೊಡೆದುಕೊಂಡು ಹೋದಳು. ಅಲ್ಲಿಂದ ಮುಂದೆ ಅಂಗಳದಲ್ಲಿ ತಿರುಗಾಡಿದವ ಕಾಕಾ.

ಮೊನ್ನೆ ನಾನು ಹೋದಾಗ ಆಡು ಕೊಳ್ಳಲು ಒಬ್ಬ ಬಂದಿದ್ದ. ಬೆಲೆ ಕುದುರಿ ಅವನು ಸಂಚಕಾರದ ನೋಟು ಚಾಚಿದ. ಕಾಕಾ ಕೈ ಒಡ್ಡಲಿಲ್ಲ.

"ತಡೀರಿ," ಎಂದ, "ಆಕಿ ಒಳಗದಾಳ, ಕರೀತೇನಿ."